ಇಪ್ಪತ್ತಮೂರನೆಯ ಬಾವುಟದ ಎಂಟು ತೂತುಗಳು

ಈ ಸಭೆಯ ಅಧ್ಯಕ್ಷತೆಯನ್ನು ವಹಿಸಿರುವ ಮೊಂಬ್ರೆಲ್ ನಗರದ ಮೇಯರ್ ಮದಾಂ ಜಕ್ಲಾರ್ ಅವರೇ, ಸೈನಿಕ ವಿಶ್ರಾಂತಿಧಾಮದ ಮುಖ್ಯಸ್ಥರಾದ ಕಮಾಂಡರ್ ಬೊನೆಲ್ ಅವರೇ, ನಮ್ಮ ಚಾಪೆಲ್ಲಿನ ಪಾದ್ರಿಗಳಾದ ಫಾದರ್ ಎಲುವಾ ಅವರೇ, ಮುಂದಿನ ಸಾಲಿನಲ್ಲಿ ಎದೆಯ ತುಂಬ ಪದಕ ಧರಿಸಿ ಗಾಲಿಕುರ್ಚಿಗಳಲ್ಲಿ ಕುಳಿತಿರುವ ಧಾಮದ ಹಿರಿಯರೇ, ಈ ಶನಿವಾರದ ಬಿಸಿಲನ್ನು ಬಿಟ್ಟು ಒಬ್ಬ ಹೊಲಿಗೆಯವಳ ಬೀಳ್ಕೊಡುಗೆಗೆ ಬಂದಿರುವ ಸಭಿಕರೇ,

ನನಗೆ ಹತ್ತು ನಿಮಿಷ ಮಾತಾಡಬೇಕೆಂದು ಹೇಳಿದ್ದಾರೆ. ಮೂವತ್ತೇಳು ವರ್ಷ ನಾನು ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡು ಕೆಲಸ ಮಾಡಿದವಳು. ಹಾಗೆ ಕೆಲಸ ಮಾಡುವವರು ಹೆಚ್ಚು ಮಾತಾಡುವುದಿಲ್ಲ, ಮಾತಾಡಿದರೆ ನುಂಗಬೇಕಾಗುತ್ತದೆ. ಇವತ್ತು ಬಾಯಿ ಖಾಲಿ ಇದೆ. ಹತ್ತು ನಿಮಿಷ ಮೀರಿದರೆ ಕಮಾಂಡರ್ ಸಾಹೇಬರು ಕೆಮ್ಮಬೇಕು ಎಂದು ಕೋರುತ್ತೇನೆ.

ನಮ್ಮ ಸಾಂ-ಮೊರಿಸ್ ಚಾಪೆಲ್ಲಿನಲ್ಲಿ ಐವತ್ತೆರಡು ಬಾವುಟಗಳು ತೂಗುತ್ತಿವೆ. ಎಡಕ್ಕೆ ಇಪ್ಪತ್ತಾರು, ಬಲಕ್ಕೆ ಇಪ್ಪತ್ತಾರು. ಒಂದೂ ನಮ್ಮದಲ್ಲ. ಎಲ್ಲವೂ ಯುದ್ಧದಲ್ಲಿ ಇನ್ನೊಬ್ಬರಿಂದ ಕಿತ್ತುಕೊಂಡು ಬಂದವು. ಪ್ರಷ್ಯದವರದು, ಸ್ಪೇನಿನವರದು, ರಷ್ಯದವರದು, ಆಸ್ಟ್ರಿಯದವರದು. ಯಾರದೆಂದು ನಮಗೇ ಮರೆತುಹೋದ ಮೂರು. ಗೆದ್ದವರು ದೇವರಿಗೆ ತಂದು ಒಪ್ಪಿಸಿದರು. ದೇವರು ತೆಗೆದುಕೊಂಡನೋ ಇಲ್ಲವೋ ಫಾದರ್ ಎಲುವಾ ಅವರೇ ಹೇಳಬೇಕು; ನುಸಿ ಮಾತ್ರ ತೆಗೆದುಕೊಂಡಿತು. ನುಸಿಯಿಂದ ಅವನ್ನು ಮರಳಿ ಪಡೆಯುವುದು ನನ್ನ ಕೆಲಸವಾಗಿತ್ತು. ವರ್ಷಕ್ಕೆ ಎರಡು ಬಾವುಟ ಕೆಳಗಿಳಿಯುತ್ತಿದ್ದವು. ಧೂಳು ತೆಗೆಯುವುದು, ಹರಿದಲ್ಲಿ ತೆಳ್ಳನೆಯ ಬಲೆಬಟ್ಟೆ ಹಾಸಿ ಕೂದಲಿಗಿಂತ ಸಣ್ಣ ನೂಲಿನಿಂದ ಕೂಡಿಸುವುದು, ಮತ್ತೆ ಮೇಲಕ್ಕೆ ಕಳಿಸುವುದು.

ಈ ನೌಕರಿ ಸಿಕ್ಕಿದ ದಿನ ನನ್ನ ತಾಯಿ ಕೇಳಿದ್ದಳು, "ಶತ್ರುಗಳ ಬಟ್ಟೆಗೆ ತೇಪೆ ಹಾಕೋಕೂ ಸಂಬಳ ಕೊಡ್ತಾರಾ?" ನನ್ನ ತಂದೆ ಐದು ವರ್ಷ ಜರ್ಮನರ ಸೆರೆಯಲ್ಲಿದ್ದು ಬಂದವರು. ಪ್ರತಿ ಕ್ರಿಸ್‌ಮಸ್ಸಿಗೆ ಮನೆಗೆ ಹೋದಾಗ ಅವರದು ಒಂದೇ ಪ್ರಶ್ನೆ: "ಈ ಸಲ ಯಾರದು ಹೊಲೀತಿದ್ದೀಯ?" ನಾನು ಹೇಳುತ್ತಿದ್ದೆ. ಅವರು ತಲೆಯಾಡಿಸಿ ಬ್ರೆಡ್ಡು ಕೊಯ್ಯಲು ಹೋಗುತ್ತಿದ್ದರು. ನನಗೆ ಕೆಲಸ ಕಲಿಸಿದ ಮದಾಂ ರವಿಯೇ ಅವರ ಉಪದೇಶವೂ ಚಿಕ್ಕದೇ: "ಬಾವುಟ ಯಾರದು ಅಂತ ಕೇಳ್ಬೇಡ ಹುಡುಗಿ, ನೂಲು ಯಾವುದು ಅಂತ ಕೇಳು." ಹದಿನೆಂಟು ವರ್ಷ ನಾನು ಆ ಮಾತಿನಂತೆಯೇ ನಡೆದೆ.

ಆಮೇಲೆ ಇಪ್ಪತ್ತಮೂರನೆಯ ಬಾವುಟ ನನ್ನ ಮೇಜಿನ ಮೇಲೆ ಬಂತು.

ಸಭಿಕರೇ, ಇಪ್ಪತ್ತಮೂರನೆಯ ಬಾವುಟ ಯಾವುದೆಂದು ಈ ಊರಿನಲ್ಲಿ ಯಾರಿಗೆ ತಿಳಿಯದು? ಹಳದಿ ರೇಷ್ಮೆ, ನಡುವೆ ಎರಡು ತಲೆಯ ಕಪ್ಪು ಹದ್ದು. ಸಾವಿರದ ಎಂಟುನೂರ ಐವತ್ತೊಂಬತ್ತರ ಜೂನಿನಲ್ಲಿ ಇಟಲಿಯ ಒಂದು ಸೇತುವೆಯ ಬಳಿ ಆಸ್ಟ್ರಿಯದವರಿಂದ ಅದನ್ನು ಕಿತ್ತುಕೊಂಡವನು ನಮ್ಮ ಊರಿನವನು, ಸಾರ್ಜೆಂಟ್ ಬಾಸಿಲ್ ಫೆರಿಯೋಲ್. ನೀವೆಲ್ಲ ಫೆರಿಯೋಲ್ ಬೀದಿಯಲ್ಲಿ ನಡೆದವರು, ಅನೇಕರು ಫೆರಿಯೋಲ್ ಶಾಲೆಯಲ್ಲಿ ಓದಿದವರು. ಶಾಲೆಯ ಗೋಡೆಯ ಚಿತ್ರದಲ್ಲಿ ಸಾರ್ಜೆಂಟು ಒಂದು ಕೈಯಿಂದ ಕತ್ತಿ ತಡೆದು ಇನ್ನೊಂದು ಕೈಯಿಂದ ಬಾವುಟವನ್ನು ಕೋಲಿನಿಂದ ಹರಿದು ತೆಗೆಯುತ್ತಿದ್ದಾನೆ. ಎದುರಿಗಿರುವ ಬಾವುಟದವನು ಮೊಣಕಾಲೂರಿ ಅಳುತ್ತಿದ್ದಾನೆ. ಚಾಪೆಲ್ಲಿನ ಫಲಕದ ಮೇಲೂ ಅದೇ ಮಾತು ಇತ್ತು: ಶತ್ರುವಿನ ಕೈಯಿಂದ, ಮುಖಾಮುಖಿಯಾಗಿ.

ಎಪ್ಪತ್ತೊಂಬತ್ತರಲ್ಲಿ ಆ ಘಟನೆಗೆ ನೂರ ಇಪ್ಪತ್ತು ವರ್ಷ ತುಂಬುತ್ತಿತ್ತು. ಆಗ ಚಾಪೆಲ್ಲಿನ ಉಸ್ತುವಾರಿ ಕರ್ನಲ್ ಎಡ್ಮಂಡ್ ಫೆರಿಯೋಲ್ ಅವರದು. ಸಾರ್ಜೆಂಟಿನ ಮರಿಮಗ. ಎರಡು ಯುದ್ಧ ನೋಡಿ ಬಂದವರು, ಹೆಂಡತಿ ತೀರಿಕೊಂಡಿದ್ದರು, ಮಾತು ಕಡಿಮೆ. ಕಾಫಿಗೆ ಸಕ್ಕರೆ ಹಾಕುತ್ತಿರಲಿಲ್ಲ. ಸಕ್ಕರೆಯ ಗಟ್ಟಿಯನ್ನು ಬೇರೆಯಾಗಿ, ಕಾಫಿ ಮುಗಿದ ಮೇಲೆ ತಿನ್ನುತ್ತಿದ್ದರು. ಇದು ಇಲ್ಲಿ ಅಗತ್ಯವಿಲ್ಲದ ವಿವರ. ಮುಂದಕ್ಕೆ ಹೋಗುತ್ತೇನೆ.

ಜೂನಿನಲ್ಲಿ ಮೆರವಣಿಗೆ, ಬ್ಯಾಂಡು, ಪ್ಯಾರಿಸಿನಿಂದ ಮಂತ್ರಿಗಳು. ಅದಕ್ಕೆ ಮೊದಲು ಬಾವುಟವನ್ನು ಸರಿಪಡಿಸಿ ಗಾಜಿನ ಚೌಕಟ್ಟಿಗೆ ಏರಿಸಬೇಕೆಂದು ಕರ್ನಲ್ ಅವರು ಅದನ್ನು ಮೇ ತಿಂಗಳಲ್ಲಿ ನನ್ನ ಕೋಣೆಗೆ ಕಳಿಸಿದರು.

ಹಳೆಯ ದಾಖಲೆಯಲ್ಲಿ "ಗುಂಡಿನ ತೂತುಗಳು, ಏಳು" ಎಂದು ಬರೆದಿತ್ತು. ಗುಂಡು ಹೋದ ತೂತು ದುಂಡಗಿರುತ್ತದೆ. ಇವು ಮೂರು ಮೂಲೆಯವು. ಆ ಕಾಲದ ನಮ್ಮ ಸೈನಿಕರ ಬಂದೂಕಿನ ತುದಿಯ ಬಯೊನೆಟ್ಟಿಗೆ ಮೂರು ಅಲಗು. ಒಂದೇ ಬಯೊನೆಟ್ಟು ಒಂದೇ ಬಾವುಟವನ್ನು ಏಳು ಕಡೆ ಯಾಕೆ ಚುಚ್ಚಬೇಕು? ನನಗೆ ತಿಳಿಯಲಿಲ್ಲ. ರೇಷ್ಮೆಯಲ್ಲಿ ಹಳೆಯ ಮಡಿಕೆಯ ಗೆರೆಗಳು ಕಾಣುತ್ತಿದ್ದವು, ಬಣ್ಣ ಅಲ್ಲೆಲ್ಲ ಒಡೆದಿತ್ತು. ನಾನು ಅದೇ ಅಳತೆಯ ಹತ್ತಿಬಟ್ಟೆ ತೆಗೆದುಕೊಂಡು, ಏಳು ಕಡೆ ಗುರುತು ಹಾಕಿ, ಆ ಗೆರೆಗಳಂತೆಯೇ ಉದ್ದಕ್ಕೆ ನಾಲ್ಕು ಮಡಿಸಿದೆ. ನಾಲ್ಕು ಮಡಿಕೆಯ ಪಟ್ಟಿಯನ್ನು ನನ್ನ ಸೊಂಟಕ್ಕೆ ಎರಡು ಸುತ್ತು ಸುತ್ತಿಕೊಂಡೆ. ಏಳು ಗುರುತುಗಳೂ ಎಡ ಪಕ್ಕೆಲುಬಿನ ಕೆಳಗೆ ಒಂದರ ಮೇಲೊಂದು ಕೂತವು. ನಾಲ್ಕು ಮಡಿಕೆ, ಎರಡು ಸುತ್ತು. ಎಂಟು ತೂತು ಇರಬೇಕಿತ್ತು. ಎಂಟನೆಯದಿರಬೇಕಾದಲ್ಲಿ ಒಂದು ಹಳೆಯ ತೇಪೆ ಇತ್ತು, ಯಾರೋ ಶತಮಾನದ ಹಿಂದೆ ಹಾಕಿದ್ದು. ಬಿಚ್ಚಿದೆ. ಕೆಳಗೆ ಎಂಟನೆಯ ತೂತು ಇತ್ತು. ರಕ್ತದ ಕಂದು ಕಲೆ ಒಳಗಿನ ಪದರದಲ್ಲಿ ಅಂಗೈಯಗಲ, ಹೊರಗಿನದರಲ್ಲಿ ಒಂದು ಬೊಟ್ಟಿನಷ್ಟು. ಇನ್ನು ಬಾವುಟ ಕೋಲಿಗೆ ಸೇರುವ ಅಂಚು. ಅದು ಹರಿದಿರಲಿಲ್ಲ. ಚಾಕುವಿನಿಂದ ಮೇಲಿಂದ ಕೆಳಗಿನವರೆಗೆ ನೇರವಾಗಿ, ಅವಸರವಿಲ್ಲದೆ ಕೊಯ್ದಿದ್ದರು.

ಎಂದರೆ ಏನಾಯಿತು? ಬಾವುಟದವನು ತಾನೇ ಅದನ್ನು ಕೊಯ್ದು, ಮಡಿಸಿ, ಅಂಗಿಯ ಕೆಳಗೆ ಮೈಗೆ ಸುತ್ತಿಕೊಂಡಿದ್ದ. ಹಾಗೆ ಸುತ್ತಿಕೊಂಡೇ ಇರಿತ ತಿಂದು ಬಿದ್ದ. ಬಿದ್ದವನ ಮೈಮೇಲಿಂದ ಯಾರೋ ಬಿಚ್ಚಿಕೊಂಡರು. ಇರಿದವರು ಯಾರೆಂದು ಬಟ್ಟೆ ಹೇಳುವುದಿಲ್ಲ. ಮುಖಾಮುಖಿಯಾಗಿ ಕೋಲಿನಿಂದ ಹರಿದದ್ದು ಸುಳ್ಳು ಎಂಬುದಷ್ಟನ್ನು ಹೇಳುತ್ತದೆ.

ನಾನು ಯಾರಿಗೂ ಹೇಳಲಿಲ್ಲ. ನಾಲ್ಕು ದಿನ.

ಐದನೆಯ ದಿನ ಕರ್ನಲ್ ಅವರು ಒಬ್ಬ ವಯಸ್ಸಾದ ಹೆಂಗಸನ್ನು ನನ್ನ ಕೋಣೆಗೆ ಕರೆತಂದರು. ಹೆಡ್ವಿಗ್ ಷ್ಟ್ರೋಬ್ಲ್, ಆಸ್ಟ್ರಿಯದ ಒಂದು ಹಳ್ಳಿಯ ನಿವೃತ್ತ ಶಾಲಾ ಶಿಕ್ಷಕಿ, ಅರವತ್ತೇಳು ವರ್ಷ. ಮೊದಲೇ ಕಾಗದ ಬರೆದು ಬಾವುಟ ನೋಡಲು ಅನುಮತಿ ಕೇಳಿದ್ದರಂತೆ. ಹಿಟ್ಲರನ ಯುದ್ಧಕಾಲದಲ್ಲಿ ಅವರ ಹೊಲದಲ್ಲಿ ಕೆಲಸಕ್ಕಿದ್ದ ನಮ್ಮ ಕಡೆಯ ಒಬ್ಬ ಸೆರೆಯಾಳಿನಿಂದ ಆಕೆ ನಮ್ಮ ಭಾಷೆ ಕಲಿತಿದ್ದರು. ಅವನು ದನ ಕಾಯುವವನು. ಹಾಗಾಗಿ ಆಕೆಗೆ ನಮ್ಮ ಭಾಷೆಯಲ್ಲಿ "ನೀವು" ಎಂಬ ಮಾತೇ ಗೊತ್ತಿರಲಿಲ್ಲ. ಎರಡು ಯುದ್ಧದ ಕರ್ನಲ್ಲಿಗೆ, "ಏಯ್, ನೀನು ಸ್ವಲ್ಪ ಆ ಕಡೆ ಸರಿ, ಬೆಳಕಿಗೆ ಅಡ್ಡ ನಿಂತಿದ್ದೀಯ" ಎಂದರು. ಕರ್ನಲ್ ಅವರು ಸರಿದರು. ಅವರು ನಗುವುದನ್ನು ನಾನು ನೋಡಿದ್ದು ಕೆಲವೇ ಸಲ, ಅದರಲ್ಲಿ ಇದೊಂದು.

ಆಕೆ ಮೇಜಿನ ಮೇಲಿನ ಬಾವುಟವನ್ನು ಮುಟ್ಟಲಿಲ್ಲ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತು ಹೇಳಿದರು.

"ಇದನ್ನ ಹಿಡಿದಿದ್ದೋನು ನನ್ನ ಮುತ್ತಾತ, ಅಲೋಯ್ಸ್ ಅಂತ. ಸಾಯ್ಲಿಲ್ಲ ಅವನು. ಒಂದು ವರ್ಷ ಆದ್ಮೇಲೆ ಬಗ್ಗಿಕೊಂಡು ನಡೀತಾ ಊರಿಗೆ ಬಂದ. ಪಕ್ಕೆಗೆ ಏಟು ಬಿತ್ತು, ಆಮೇಲೆ ನಂಗೇನೂ ಗೊತ್ತಿಲ್ಲ ಅಂದ. ಯಾರು ನಂಬ್ತಾರೆ? ನಿಮ್ಮೋರ ಪತ್ರಿಕೇಲಿ ಕೈಯಿಂದ ಕಿತ್ಕೊಂಡ್ವಿ, ಅಳ್ತಾ ಕೂತಿದ್ದ ಅಂತ ಬರೆದಿತ್ತು. ನಮ್ಮ ಮನೇಗೆ ಬಾವುಟ ಮಾರಿದವರ ಮನೆ ಅಂತ ಹೆಸರು ಬಿತ್ತು. ಇವತ್ತಿಗೂ ಅದೇ. ಅಂಚೆಯವನೂ ಹಾಗೇ ಕೇಳ್ಕೊಂಡು ಬರ್ತಾನೆ. ನನ್ನ ಅಪ್ಪನಿಗೆ ಹಬ್ಬದ ದಿನ ಊರ ಬಾವುಟ ಹಿಡಿಯೋಕೆ ಬಿಡ್ಲಿಲ್ಲ. ನನ್ನ ತಮ್ಮ ಹದಿನೆಂಟಕ್ಕೇ ಸೈನ್ಯಕ್ಕೆ ಓಡಿದ, ಈ ಹೆಸರು ತೊಳೀತೀನಿ ಅಂತ. ಹೆಸರು ಉಳೀತು, ಅವನು ಉಳೀಲಿಲ್ಲ."

ಯಾವ ಸೈನ್ಯ, ಯಾವ ವರ್ಷ ಎಂದು ನಾನು ಕೇಳಲಿಲ್ಲ. ಮುಂದಿನ ಸಾಲಿನಲ್ಲಿರುವ ನಿಮಗೆ ಗೊತ್ತು, ನನಗೂ ಗೊತ್ತು.

ಆಮೇಲೆ ಆಕೆ ನನ್ನ ಕಡೆ ತಿರುಗಿದರು. "ನೀನು ಬಟ್ಟೆ ನೋಡೋಳು. ಅವನು ಕೊಟ್ನಾ, ಇಲ್ವಾ? ಅಷ್ಟು ಹೇಳು, ಸಾಕು."

ಕರ್ನಲ್ ಅವರು ಕಿಟಕಿಯ ಬಳಿ ನಿಂತಿದ್ದರು. ನಾನು ಏನು ಹೇಳಿದೆ? "ಕೆಲಸ ಇನ್ನೂ ಮುಗಿದಿಲ್ಲ, ಮದಾಂ. ಮುಗಿದ ಮೇಲೆ ಬರೆಯುತ್ತೇನೆ" ಎಂದೆ. ಆಕೆ ತಲೆಯಾಡಿಸಿ, "ನೂರಿಪ್ಪತ್ತು ವರ್ಷ ಕಾದಿದೀವಿ" ಎಂದು ಚೀಲ ಎತ್ತಿಕೊಂಡು ರೈಲಿಗೆ ಹೋದರು.

ಮರುದಿನ ಬೆಳಿಗ್ಗೆ ನಾನು ಕರ್ನಲ್ ಅವರಿಗೆ ಎಲ್ಲವನ್ನೂ ತೋರಿಸಿದೆ. ಹತ್ತಿಬಟ್ಟೆಯನ್ನು ಅವರ ಸೊಂಟಕ್ಕೇ ಸುತ್ತಿದೆ. ಅವರು ಕೈ ಮೇಲೆತ್ತಿಕೊಂಡು, ದರ್ಜಿಯ ಮುಂದೆ ನಿಂತವರಂತೆ ನಿಂತಿದ್ದರು. ಗುರುತುಗಳು ಎಲ್ಲಿ ಕೂತವೆಂದು ಅವರೇ ಬೆರಳಿಟ್ಟು ನೋಡಿದರು. ಬಹಳ ಹೊತ್ತು ಆ ಬೆರಳು ಅಲ್ಲೇ ಇತ್ತು.

"ಇನ್ನು ಹದಿನೆಂಟು ದಿನ ಇದೆ, ಕ್ಲೊ," ಎಂದರು. "ಮಂತ್ರಿಗಳು ಬರ್ತಿದ್ದಾರೆ. ಶಾಲೆ ಮಕ್ಕಳು ಹಾಡು ಕಲೀತಿದ್ದಾರೆ. ಒಂದು ವರ್ಷ ತಡಿ."

"ಒಂದು ವರ್ಷ ಆದ್ಮೇಲೆ ಹೇಳಬಹುದಾ?"

ಅವರು ಸೊಂಟದ ಹತ್ತಿಬಟ್ಟೆ ಬಿಚ್ಚಿ ಮೇಜಿನ ಮೇಲಿಟ್ಟು, "ಅದು ಬರೀ ಬಟ್ಟೆ. ಬಟ್ಟೆ ಬಂದು ಸಾಕ್ಷಿ ಹೇಳುತ್ತಾ?" ಎಂದರು.

"ನಾನು ಹೇಳ್ತೀನಲ್ಲ."

"ನೀನು ಹೇಳೋದು ಯಾರ ಹೆಸರಿನ ಮೇಲೆ ಗೊತ್ತಾ? ಸೆಪ್ಟೆಂಬರಿಗೆ ನಿನ್ನದೂ ಅದೇ ಹೆಸರು ಆಗುತ್ತೆ."

ಹಿಂದಿನ ಸಾಲಿನಲ್ಲಿ ಕೆಲವರು ತಲೆ ಎತ್ತಿದಿರಿ. ಹೌದು, ಆ ವರ್ಷ ಸೆಪ್ಟೆಂಬರಿನಲ್ಲಿ ನಾವಿಬ್ಬರೂ ಮದುವೆಯಾಗುವವರಿದ್ದೆವು. ಊರಿಗೆ ತಿಳಿಸಿರಲಿಲ್ಲ. ನನಗೆ ನಲವತ್ತೆರಡು, ಅವರಿಗೆ ಐವತ್ತೊಂದು. ಆ ವಯಸ್ಸಿನಲ್ಲಿ ಡಂಗುರ ಹೊಡೆಯುವುದೇನಿದೆ? ಈ ಸಂಗತಿಯನ್ನು ಇವತ್ತು ಹೇಳಬೇಕೆಂದು ನಾನು ಬರೆದುಕೊಂಡು ಬಂದಿರಲಿಲ್ಲ. ಹೇಳಿಯಾಯಿತು.

ನಾನು ಮೂರು ದಿನ ಯೋಚಿಸಿದೆ. ನಾಲ್ಕನೆಯ ದಿನ ಎರಡು ಪುಟದ ಕಾಗದ ಬರೆದೆ. ಮಡಿಕೆಗಳ ಚಿತ್ರ ಬಿಡಿಸಿ, ಎಂಟು ತೂತುಗಳ ಅಳತೆ ಕೊಟ್ಟು, ಕೊನೆಯಲ್ಲಿ ಹೀಗೆ ಬರೆದೆ: "ಅಲೋಯ್ಸ್ ಷ್ಟ್ರೋಬ್ಲ್ ಬಾವುಟವನ್ನು ಯಾರಿಗೂ ಕೊಡಲಿಲ್ಲ. ಅದು ಅವರ ಮೈಮೇಲಿತ್ತು." ಕೆಳಗೆ ನನ್ನ ಹೆಸರು, ಕ್ಲೊಟಿಲ್ಡ್ ವಾನೆಲ್. ಕಾಗದವನ್ನು ಅಂಚೆಗೆ ಹಾಕಿ, ಅದರ ನಕಲನ್ನು ಕರ್ನಲ್ ಅವರ ಮೇಜಿನ ಮೇಲಿಟ್ಟೆ.

ಜಗಳವಾಯಿತೇ? ಆಗಲಿಲ್ಲ. ಕೆಲಸದಿಂದ ತೆಗೆದರೇ? ತೆಗೆಯಲಿಲ್ಲ. ಮರುದಿನ ಬೆಳಿಗ್ಗೆ ಅಂಗಳದಲ್ಲಿ ಎದುರಾದಾಗ ಅವರು ಟೋಪಿ ತೆಗೆದು, "ಶುಭೋದಯ, ಮದಮ್ವಾಜೆಲ್ ವಾನೆಲ್. ನೀವು ಚೆನ್ನಾಗಿದ್ದೀರಾ?" ಎಂದರು. ಅಷ್ಟೇ. ಅವತ್ತಿನಿಂದ ನಾನು "ನೀವು" ಆದೆ. ಹನ್ನೊಂದು ವರ್ಷ, ಅವರು ನಿವೃತ್ತರಾಗುವವರೆಗೂ, ನಾನು "ನೀವು" ಆಗಿಯೇ ಇದ್ದೆ. ಅಷ್ಟು ಮರ್ಯಾದೆಯಿಂದ ನನ್ನನ್ನು ಇನ್ನಾರೂ ನಡೆಸಿಕೊಂಡಿಲ್ಲ.

ಜೂನಿನ ಮೆರವಣಿಗೆ ನಡೆಯಿತು. ಬಾವುಟ ಗಾಜಿನೊಳಗೆ ಊರು ಸುತ್ತಿತು. ಬ್ಯಾಂಡಿನ ಸದ್ದು ನನ್ನ ಕೋಣೆಗೂ ಕೇಳಿಸಿತು. ಸೆಪ್ಟೆಂಬರಿನಲ್ಲಿ ಮದುವೆ ನಡೆಯಲಿಲ್ಲ.

ಆಸ್ಟ್ರಿಯದಿಂದ ಒಂದು ಕಾರ್ಡು ಬಂತು. ಹಳ್ಳಿಯ ಪಾದ್ರಿ ನನ್ನ ಕಾಗದವನ್ನು ಚರ್ಚಿನಲ್ಲಿ ಓದಿದರಂತೆ. ಕೆಲವರು ಹೆಡ್ವಿಗ್ ಅವರ ಕೈ ಹಿಡಿದುಕೊಂಡರಂತೆ. ಉಳಿದವರು, "ಯಾವಳೋ ಫ್ರಾನ್ಸಿನ ಹೊಲಿಗೆಯವಳು ಮಡಿಸಿ ನೋಡಿದಳಂತೆ, ಸುತ್ತಿ ನೋಡಿದಳಂತೆ" ಎಂದು ನಕ್ಕರಂತೆ. "ಹೆಸರು ಹಾಗೇ ಇದೆ. ಆದ್ರೆ ನಾನು ಈಗ ಚೆನ್ನಾಗಿ ನಿದ್ದೆ ಮಾಡ್ತೀನಿ" ಎಂದು ಬರೆದಿದ್ದರು. ನಾನು ಆ ಕಾರ್ಡನ್ನು ಕಡತಕ್ಕೆ ಸೇರಿಸಿದೆ.

ಎರಡು ವರ್ಷದ ನಂತರ, ಎಂಬತ್ತೊಂದರ ಚಳಿಗಾಲದಲ್ಲಿ, ಫಲಕಗಳನ್ನು ಬಣ್ಣಕ್ಕೆಂದು ತೆಗೆದರು. ತಿರುಗಿ ಹಾಕಿದಾಗ ಇಪ್ಪತ್ತಮೂರನೆಯದು ಚಿಕ್ಕದಾಗಿತ್ತು: "ಆಸ್ಟ್ರಿಯದ ಕಾಲಾಳು ಪಡೆಯ ಬಾವುಟ, 1859." ಮುಖಾಮುಖಿಯೂ ಇಲ್ಲ, ಕೈಯೂ ಇಲ್ಲ, ಸಾರ್ಜೆಂಟೂ ಇಲ್ಲ. ಊರಿನಲ್ಲಿ ಯಾರೂ ಗಮನಿಸಲಿಲ್ಲ. ನೀವು ಗಮನಿಸಿದ್ದಿರೇ? ನಾನು ಗಮನಿಸಿದೆ. ಖರ್ಚು ಉಳಿಸಲು ಅಕ್ಷರ ಕಡಿಮೆ ಮಾಡಿರಬೇಕೆಂದುಕೊಂಡೆ. ನಾನು ಅಷ್ಟು ದಡ್ಡಿಯಲ್ಲ. ಹಾಗೆ ಅಂದುಕೊಳ್ಳುವುದು ಸುಲಭವಾಗಿತ್ತು.

ಕರ್ನಲ್ ಅವರು ಎರಡು ವರ್ಷದ ಹಿಂದೆ ತೀರಿಕೊಂಡರು. ಶವಪೆಟ್ಟಿಗೆಯ ಮೇಲೆ ಹೊದಿಸಿದ ನಮ್ಮ ಬಾವುಟದ ಅಂಚು ಬಿಚ್ಚಿತ್ತು, ಅದನ್ನು ನಾನೇ ಹೊಲಿದುಕೊಟ್ಟೆ. ಸಾಲಿನಲ್ಲಿ ಎಲ್ಲರೊಂದಿಗೆ ನಿಂತು ಮನೆಗೆ ಹೋದೆ.

ಕಳೆದ ಡಿಸೆಂಬರಿನಲ್ಲಿ ಆಸ್ಟ್ರಿಯದಿಂದ ಮತ್ತೊಂದು ಕಾಗದ ಬಂತು. ಹೆಡ್ವಿಗ್ ಅವರೂ ತೀರಿಕೊಂಡರೆಂದು ಅವರ ತಂಗಿಯ ಮಗಳು ರೋಸ್ವಿತಾ ಬರೆದಿದ್ದಳು. "ನಿಮಗೆ ಹೇಳಬಾರದೆಂದು ಇಲ್ಲಿಗೆ ಬಂದವರು ದೊಡ್ಡಮ್ಮನಿಂದ ಮಾತು ತೆಗೆದುಕೊಂಡಿದ್ದರು. ಈಗ ಇಬ್ಬರೂ ಇಲ್ಲವಾದ್ದರಿಂದ ಹೇಳುತ್ತಿದ್ದೇನೆ" ಎಂದು ಆರಂಭಿಸಿ ನಾಲ್ಕು ಪುಟ ಬರೆದಿದ್ದಳು. ಅದರ ಸಾರವನ್ನಷ್ಟೇ ಹೇಳುತ್ತೇನೆ.

ಎಂಬತ್ತೊಂದರ ಅಕ್ಟೋಬರಿನ ಒಂದು ಭಾನುವಾರ ಅವರ ಹಳ್ಳಿಗೆ ಒಬ್ಬ ಫ್ರೆಂಚ್ ಮನುಷ್ಯ ಬಂದ. ಎರಡು ರೈಲು ಬದಲಿಸಿ, ಬಸ್ಸು ಹಿಡಿದು. ಸಮವಸ್ತ್ರವಿಲ್ಲ, ಬೂದು ಕೋಟು. ಪೂಜೆ ಮುಗಿದು ಊರಿನ ಗಂಡಸರೆಲ್ಲ ಚರ್ಚಿನ ಪಕ್ಕದ ಹೋಟೆಲಿನಲ್ಲಿ ಬಿಯರ್ ಕುಡಿಯುತ್ತ ಕೂತಿದ್ದ ಹೊತ್ತು. ಆತ ನೇರ ಒಳಗೆ ಹೋಗಿ, ಹೆಡ್ವಿಗ್ ಅವರನ್ನು ಕರೆಸಿ, ತನ್ನ ಮಾತನ್ನು ಜರ್ಮನ್ನಿನಲ್ಲಿ ಊರವರಿಗೆ ಹೇಳುವಂತೆ ಕೇಳಿಕೊಂಡು, ಎದ್ದು ನಿಂತ.

"ನಾನು ಬಾಸಿಲ್ ಫೆರಿಯೋಲ್‌ನ ಮರಿಮಗ. ಹೊಲಿಗೆಯವಳು ಬರೆದಿದ್ದು ನಿಜ. ನಮ್ಮ ಮುತ್ತಾತ ಬಿದ್ದಿದ್ದೋನ ಮೈಮೇಲಿಂದ ಬಾವುಟ ಬಿಚ್ಕೊಂಡ. ಬಿದ್ದಿದ್ದೋನು ಅದನ್ನ ಕೊಟ್ಟಿರ್ಲಿಲ್ಲ. ನಮ್ಮ ಮುತ್ತಾತ ಸಾಯೋವರೆಗೂ ಆ ಚಾಪೆಲ್ಲಿನ ಒಳಗೆ ಕಾಲಿಡ್ಲಿಲ್ಲ, ಅದರ ಮುಂದೆ ಹಾಯ್ದು ಹೋಗೋದು ತಪ್ಪಿಸೋಕೆ ನದಿ ಸುತ್ತಿ ಹೋಗ್ತಿದ್ದ ಅಂತ ನಮ್ಮಜ್ಜಿ ಹೇಳ್ತಿದ್ಲು. ಯಾಕೆ ಅಂತ ನಮ್ಮ ಮನೇಲಿ ಯಾರೂ ಕೇಳ್ಲಿಲ್ಲ. ನಾನೂ ಕೇಳ್ಲಿಲ್ಲ."

ಹೋಟೆಲಿನಲ್ಲಿ ಒಬ್ಬ ಮುದುಕ ಕೇಳಿದನಂತೆ, "ಅದೆಲ್ಲ ಸರಿ ಸ್ವಾಮಿ, ಆ ಹೊಲಿಗೆಯವಳು ಸುಳ್ಳು ಹೇಳಿಲ್ಲ ಅಂತ ನಿಮಗೆ ಹೇಗೆ ಗೊತ್ತು?"

"ಅವಳನ್ನ ನಾನು ಬಲ್ಲೆ," ಎಂದರಂತೆ ಎಡ್ಮಂಡ್. "ಅವಳು ಸುಳ್ಳು ಹೇಳೋಳಾಗಿದ್ರೆ ನಾವು ಮದುವೆ ಆಗ್ತಿದ್ವಿ."

ಕ್ಷಮಿಸಿ. ಸ್ವಲ್ಪ ನೀರು ಕುಡಿಯುತ್ತೇನೆ.

ಆಮೇಲೆ ಹೆಡ್ವಿಗ್ ಅವರು, "ಕೂತ್ಕೋ, ನೀನು ಬೆಳಿಗ್ಗೆಯಿಂದ ಏನೂ ತಿಂದಿಲ್ಲ" ಎಂದು ಅವರಿಗೆ ಬಡಿಸಿದರಂತೆ. ಊರಿನವರು ಒಬ್ಬೊಬ್ಬರೇ ಬಂದು ಕೈಕುಲುಕಿದರಂತೆ. ಈಗ ಆ ಮನೆಗೆ "ಬಾವುಟದವರ ಮನೆ" ಎನ್ನುತ್ತಾರೆ, ನಡುವಿನ ಮಾತು ಬಿದ್ದುಹೋಗಿದೆ ಎಂದು ರೋಸ್ವಿತಾ ಬರೆದಿದ್ದಾಳೆ.

ಸಭಿಕರೇ, ನಾನು ಲೆಕ್ಕಾಚಾರದವಳು, ಅಳತೆ ನನ್ನ ವೃತ್ತಿ. ಇಲ್ಲಿಂದ ಆ ಹಳ್ಳಿಗೆ ಒಂಬೈನೂರು ಕಿಲೋಮೀಟರ್. ಕರ್ನಲ್ ಅವರ ಕಚೇರಿಯಿಂದ ನನ್ನ ಕೋಣೆಗೆ ನಲವತ್ತೊಂದು ಮೆಟ್ಟಿಲು. ಅವರು ಅಷ್ಟು ದೂರ ಹೋಗಿ ಬಂದರು, ಈ ಮೆಟ್ಟಿಲು ಹತ್ತಿ ಬಂದು ನನಗೆ ಒಂದು ಮಾತು ಹೇಳಲಿಲ್ಲ. ಈ ಚಳಿಗಾಲವೆಲ್ಲ ನಾನು ಅವರ ಮೇಲೆ ಸಿಟ್ಟಾಗಿದ್ದೆ. ವಸಂತ ಬಂದ ಮೇಲೆ ಒಂದು ಸಂಜೆ ಕೆಲಸ ಮುಗಿಸಿ ಇಳಿಯುವಾಗ ಹೊಳೆಯಿತು: ಇಳಿಯುವುದಕ್ಕೂ ಅವು ನಲವತ್ತೊಂದೇ. ಫಲಕ ಬದಲಾದ ದಿನ ನಾನು ಇಳಿದು ಹೋಗಿ ಕೇಳಬಹುದಿತ್ತು. ಬಟ್ಟೆಯ ಮೇಲಿನ ಎಂಟು ತೂತು ಓದಿದವಳಿಗೆ ಆ ಫಲಕ ಓದಲು ಬರಲಿಲ್ಲ ಎಂದರೆ ಯಾರು ನಂಬುತ್ತಾರೆ?

ಕಮಾಂಡರ್ ಬೊನೆಲ್ ಅವರೇ, ನೀವು ಇನ್ನೂ ಕೆಮ್ಮಿಲ್ಲ. ನಿಮ್ಮ ಸಂಯಮಕ್ಕೆ ವಂದನೆಗಳು. ಇಪ್ಪತ್ತಮೂರನೆಯ ಬಾವುಟದ ಪೂರ್ತಿ ವರದಿಯನ್ನು ನಿಮ್ಮ ಕಚೇರಿಗೆ ಕೊಟ್ಟಿದ್ದೇನೆ. ಫಲಕದ ಮೇಲೆ ಏನು ಬರೆಯಬೇಕೆಂಬುದು ಇನ್ನು ನಿಮಗೂ ಈ ಊರಿಗೂ ಬಿಟ್ಟದ್ದು. ಬರೆಯುವುದಾದರೆ ಇಬ್ಬರ ಹೆಸರನ್ನೂ ಬರೆಯಿರಿ: ಕೊಡದೆ ಬಿದ್ದವನದು, ತಂದು ನಾಚಿದವನದು.

ಮೂವತ್ತೇಳು ವರ್ಷ ಏಣಿ ಹಿಡಿದ ಗಸ್ತಾಂ ಅವರಿಗೆ, ಅವರು ಒಮ್ಮೆಯೂ ನನ್ನನ್ನು ಬೀಳಿಸಲಿಲ್ಲ. ಕೆಲಸ ಕಲಿಸಿದ ಮದಾಂ ರವಿಯೇ ಅವರ ನೆನಪಿಗೆ. ಈ ಗಡಿಯಾರವನ್ನು ಕೊಟ್ಟ ನಗರಸಭೆಗೆ. ಇಷ್ಟು ಹೊತ್ತು ಕೇಳಿದ ನಿಮಗೆಲ್ಲರಿಗೆ. ಮತ್ತು ಹದಿನೇಳು ವರ್ಷ ತಡವಾಗಿ, ಎಡ್ಮಂಡ್, ನಿನಗೆ.

ಎಲ್ಲರಿಗೂ ನನ್ನ ಧನ್ಯವಾದ. ನಮಸ್ಕಾರ.